ಓಡುವ ಕೋಣಕ್ಕೆ ರಿಂಗ್ ತಿರುಗಿಸಬೇಡಿ

ಪ್ರಶ್ನೆ: ನನ್ನ ಬಳಿ ನಿಕಾನ್ ಎಫ್‌ಎಂ2 ಕ್ಯಾಮೆರಾ, 135 ಎಂಎಂ ಲೆನ್ಸ್ ಇವೆ. ಕಂಬಳದಲ್ಲಿ ಎಷ್ಟು ಬೇಗ ಫೋಕಸ್ ರಿಂಗ್ ತಿರುಗಿಸಿದರೂ ಕೋಣಗಳು ಮಸುಕಾಗುತ್ತವೆ. ಕೈಗೆ ವೇಗ ಬರುವುದು ಹೇಗೆ?

ಉತ್ತರ: ಪ್ರತಿ ವರ್ಷ ಕಂಬಳ ಶುರುವಾದೊಡನೆ ಇದೇ ಪ್ರಶ್ನೆ ಬರುತ್ತದೆ. ವೇಗ ಬೇಕಾಗಿಲ್ಲ, ಕೋಣ ಓಡುವಾಗ ರಿಂಗನ್ನು ಮುಟ್ಟಲೇಬಾರದು. ಬೆರಳಿನ ಚುರುಕು ಕಲಿಸುತ್ತೇವೆಂದು ಶುಲ್ಕ ಕೀಳುವವರ ಮಾತಿಗೆ ಮರುಳಾಗಬೇಡಿ.

ನೂರು ಮೀಟರನ್ನು 12 ಸೆಕೆಂಡಿನಲ್ಲಿ ಓಡುವ ಜೋಡಿ ಸೆಕೆಂಡಿಗೆ ಸುಮಾರು 8 ಮೀಟರ್ ಸಾಗುತ್ತದೆ. ನಿಮ್ಮ ಲೆನ್ಸಿನ ಬಾಯನ್ನು ಎಫ್ 2.8ರಷ್ಟು ಅಗಲವಾಗಿ ತೆರೆದು 15 ಮೀಟರಿಗೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಮೂಡುವ ಆಳ ಸುಮಾರು 2 ಮೀಟರ್ ಮಾತ್ರ. ಅದನ್ನು ದಾಟಲು ಕೋಣಗಳಿಗೆ ಕಾಲು ಸೆಕೆಂಡು ಸಾಕು, ಕಣ್ಣು ಕಂಡದ್ದಕ್ಕೆ ಬೆರಳು ಓಗೊಡುವಷ್ಟರಲ್ಲೇ ಅದರ ಬಹುಪಾಲು ಕಳೆದಿರುತ್ತದೆ. ಬಾಯನ್ನು ಎಫ್ 8ಕ್ಕೆ ಕಿರಿದಾಗಿಸಿದರೆ ಅದೇ ಆಳ ಸುಮಾರು 6 ಮೀಟರಿಗೆ ಹಿಗ್ಗುತ್ತದೆ.

ಓಟಗಾರ ತೂತಿನ ಹಲಗೆಯ ಮೇಲೆ ನಿಂತು ನೀರು ಚಿಮ್ಮಿಸುವ ಕನೆಹಲಗೆ ಓಟದಲ್ಲಿ, ಆ ನೀರು ಮುಟ್ಟಬೇಕಾದ, ಮೇಲೆ ಕಟ್ಟಿದ ಬಟ್ಟೆ, ಅಂದರೆ ನಿಶಾನೆಯೇ ನಿಮ್ಮ ಗುರುತು. ಕರೆಯ (ಓಟದ ಕೆಸರುಗದ್ದೆಯ) ಬದಿಯಲ್ಲಿ, ಬೇಲಿಯ ಹೊರಗೆ, ಕೋಣಗಳು ಓರೆಯಾಗಿ ನಿಮ್ಮತ್ತ ಬರುವಂತೆ ನಿಂತು, ಕ್ಯಾಮೆರಾದ ನೋಡುಕಿಂಡಿಯ ನಡುವಿನ ವೃತ್ತದಲ್ಲಿ ತುಂಡಾದಂತೆ ಕಾಣುವ ನಿಶಾನೆ ಕಟ್ಟಿದ ಕಂಬದ ಎರಡು ಭಾಗಗಳು ಒಂದಾಗುವವರೆಗೆ ಫೋಕಸ್ ಮಾಡಿ. ಆಮೇಲೆ ಫೋಕಸನ್ನು ಒಂದೆರಡು ಮೀಟರಿನಷ್ಟು ನಿಮ್ಮ ಕಡೆಗೆ ತಂದು ರಿಂಗಿಗೆ ಟೇಪ್ ಅಂಟಿಸಿಬಿಡಿ, ಏಕೆಂದರೆ ಹಲಗೆಯ ತೂತಿನಿಂದ ಚಿಮ್ಮಿದ ನೀರು ನಿಶಾನೆಯನ್ನು ಮುಟ್ಟುವ ಹೊತ್ತಿಗೆ ಕೋಣಗಳು ಅದನ್ನು ದಾಟಿ ಮುಂದೆ ಬಂದಿರುತ್ತವೆ, ಚಿತ್ರದಲ್ಲಿ ಎರಡೂ ಸ್ಪಷ್ಟವಾಗಿರಬೇಕು. ಶಟರ್ 1/1000 ಸೆಕೆಂಡಿಗಿಂತ ನಿಧಾನ ಬೇಡ. 400 ಐಎಸ್‌ಒ ಫಿಲ್ಮಿಗೆ ಹಗಲ ಬಿಸಿಲಿನಲ್ಲಿ ಇದು ಕಷ್ಟವಲ್ಲ. ನೀರು ನಿಶಾನೆ ಮುಟ್ಟುವ ತುಸು ಮುನ್ನವೇ ಗುಂಡಿ ಒತ್ತಿ. ಚಿತ್ರ ಮೂಡುವಾಗ ಕನ್ನಡಿ ಮೇಲೆದ್ದು ಕಿಂಡಿ ಕತ್ತಲಾಗುವುದರಿಂದ, ನೀರು ನಿಶಾನೆ ಮುಟ್ಟಿದ್ದನ್ನು ನೀವು ಕಿಂಡಿಯಲ್ಲಿ ಕಂಡಿದ್ದರೆ ಆ ಕ್ಷಣ ಫಿಲ್ಮಿಗೆ ಸಿಕ್ಕಿಲ್ಲ ಎಂದೇ ತಿಳಿಯಿರಿ.

ಎದುರಿನಿಂದ ಚಿತ್ರ ಬೇಕೆಂದು ಮಂಜೊಟ್ಟಿಯಲ್ಲಿ (ಓಟ ಮುಗಿಯುವ ತುದಿಯಲ್ಲಿ) ನಿಲ್ಲುವವರಿಗೆ ನಾನು ಯಾವ ಸಲಹೆಯನ್ನೂ ಕೊಡುವುದಿಲ್ಲ. ಓಟದ ಭರದಲ್ಲಿ ಏರಿ ಬರುವ ಕೋಣಗಳು ನಿಮಗಾಗಿ ನಿಲ್ಲುವುದಿಲ್ಲ.

ಪ್ರಶ್ನೆ: ಎಫ್ 22 ಇಟ್ಟರೆ ಎಲ್ಲವೂ ಸ್ಪಷ್ಟವಾಗುವುದಿಲ್ಲವೇ?

ಉತ್ತರ: ಇಲ್ಲ. ಬೆಳಕು ಸಾಲದೆ ಶಟರ್ ನಿಧಾನವಾಗಿ ಓಟವೇ ಮಸುಕಾಗುತ್ತದೆ.

ಪ್ರಶ್ನೆ: ಮಸುಕಾದ ಚಿತ್ರವನ್ನು ಕಂಪ್ಯೂಟರಿನಲ್ಲಿ ಸರಿಪಡಿಸಬಹುದೇ?

ಉತ್ತರ: ನೆಗೆಟಿವಿನಲ್ಲಿ ಇಲ್ಲದ್ದು ಎಲ್ಲಿಂದ ಬರಬೇಕು?

ಪ್ರಶ್ನೆ: ರಾತ್ರಿ ಹೊನಲು ಬೆಳಕು ಸಾಲದಿದ್ದರೆ ಫ್ಲಾಶ್ ಬಳಸಬಹುದೇ?

ಉತ್ತರ: ಖಂಡಿತ ಕೂಡದು. ಕೋಣ ಬೆದರಿದರೆ ಬೀಳುವವನು ಹಲಗೆಯ ಮೇಲೆ ನಿಂತ ಓಟಗಾರ. 1/60ರಲ್ಲಿ ಬದಿಯಿಂದ, ಕೋಣಗಳ ಓಟಕ್ಕೆ ಸರಿಯಾಗಿ ಕ್ಯಾಮೆರಾವನ್ನು ತಿರುಗಿಸುತ್ತಾ ತೆಗೆಯಿರಿ. ಅದೂ ಆಗದಿದ್ದರೆ ಓಟ ನೋಡಿ ಮನೆಗೆ ಹೋಗಿ.