ಇರಾನ್ ತೈಲ ನಿಲ್ಲಿಸಿದ್ದು ವಿಶ್ವಸಂಸ್ಥೆಯೋ, ಅಮೆರಿಕವೋ?

ಪ್ರಶ್ನೆ: ನಮ್ಮ ಮಂಗಳೂರಿನ ತೈಲ ಶುದ್ಧೀಕರಣ ಘಟಕ ಎಂಆರ್‌ಪಿಎಲ್‌ಗೆ ಮೊದಲು ಇರಾನ್‌ನಿಂದ ಕಚ್ಚಾ ತೈಲ ಬರುತ್ತಿತ್ತು. ಆಮೇಲೆ ನಿಂತೇಹೋಯಿತು. ವಿಶ್ವಸಂಸ್ಥೆಯ ನಿರ್ಬಂಧ ಅಂತ ಕೆಲವರು, ಅಮೆರಿಕದ ಒತ್ತಡ ಅಂತ ಕೆಲವರು ಹೇಳುತ್ತಾರೆ. ಯಾವುದು ನಿಜ? ಪೊಲೀಸರೇ ಇಲ್ಲದ ವಿಶ್ವಸಂಸ್ಥೆಯ ಮಾತನ್ನು ದೇಶಗಳು ಯಾಕೆ ಕೇಳುತ್ತವೆ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಇರಾನ್‌ನಿಂದ ತೈಲ ಕೊಳ್ಳಬೇಡಿ ಅಂತ ವಿಶ್ವಸಂಸ್ಥೆ ಯಾವತ್ತೂ ಹೇಳಿಲ್ಲ. 2006ರಿಂದ 2010ರವರೆಗೆ ಅದರ ಭದ್ರತಾ ಮಂಡಳಿ ತಡೆದದ್ದು ಅಣು ಮತ್ತು ಕ್ಷಿಪಣಿ ಸಾಮಗ್ರಿ, ಶಸ್ತ್ರಾಸ್ತ್ರ, ಜೊತೆಗೆ ಪಟ್ಟಿಯಲ್ಲಿದ್ದ ವ್ಯಕ್ತಿಗಳ ಮತ್ತು ಕಂಪನಿಗಳ ಹಣ. ತೈಲಕ್ಕೆ ಕೈ ಹಾಕಿದ್ದು ಅಮೆರಿಕ ಮತ್ತು ಯುರೋಪ್. ಆದರೆ ಇಷ್ಟಕ್ಕೇ ಬಿಟ್ಟರೆ ಉತ್ತರ ಅರ್ಧವಾಗುತ್ತದೆ.

ದೇಶಗಳ ಅಣು ಕೆಲಸವನ್ನು ತಪಾಸಣೆ ಮಾಡುವ, ವಿಯೆನ್ನಾದ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯಿಂದ ಶುರು ಮಾಡೋಣ. ಇರಾಕ್ ಮತ್ತೆ ಅಣ್ವಸ್ತ್ರಕ್ಕೆ ಕೈ ಹಾಕಿದೆ ಅಂತ ಅಮೆರಿಕ ಹೇಳುತ್ತಿದ್ದಾಗ, ಅಂಥ ಸುಳಿವು ಸಿಕ್ಕಿಲ್ಲ ಎಂದು 2003ರಲ್ಲಿ ಯುದ್ಧಕ್ಕೆ ಮೊದಲೇ ಹೇಳಿದ್ದು ಇದೇ ಸಂಸ್ಥೆ. ಹಾಗಾಗಿ ಇರಾನ್ ತನ್ನ ಯುರೇನಿಯಂ ಕೆಲಸವನ್ನು ವರ್ಷಗಟ್ಟಲೆ ಮುಚ್ಚಿಟ್ಟಿತ್ತು ಅಂತ ಅದರ ತಪಾಸಕರೇ ವರದಿ ಕೊಟ್ಟಾಗ, ಇದೂ ಅಮೆರಿಕದ ಕಟ್ಟುಕಥೆ ಅಂತ ತಳ್ಳಿಹಾಕುವುದು ಕಷ್ಟವಾಯಿತು. 2006ರ ಫೆಬ್ರವರಿಯಲ್ಲಿ ವಿಷಯವನ್ನು ಭದ್ರತಾ ಮಂಡಳಿಗೆ ಒಯ್ಯಲು ಈ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ 27 ದೇಶಗಳು ಹೂಂ ಅಂದವು. ಬೇಡ ಅಂದದ್ದು ಮೂರೇ. ಹೂಂ ಅಂದವರಲ್ಲಿ ರಷ್ಯಾ, ಚೀನಾ ಇದ್ದವು, ನಾವೂ ಇದ್ದೆವು.

ಪೊಲೀಸರಿಲ್ಲ, ನಿಜ. ಆದರೆ ಭದ್ರತಾ ಮಂಡಳಿ ಹಾಕಿದ ನಿರ್ಬಂಧ, ಅದರ ವಿರುದ್ಧ ಮತ ಹಾಕಿದವರನ್ನೂ ಕಟ್ಟಿಹಾಕುತ್ತದೆ. 2010ರಲ್ಲಿ ಬ್ರೆಜಿಲ್ ಮತ್ತು ಟರ್ಕಿ ಬೇಡ ಅಂದರೂ ನಿರ್ಣಯ ಪಾಸಾಯಿತು, ಅವರೂ ಪಾಲಿಸಬೇಕಾಯಿತು.

ಅದರ ಮೇಲೆ ಅಮೆರಿಕ, ಯುರೋಪ್ ತಮ್ಮ ನಿರ್ಬಂಧ ಪೇರಿಸಿದವು. ವಿಶ್ವಸಂಸ್ಥೆಯದ್ದನ್ನು ಮಾತ್ರ ಪಾಲಿಸುತ್ತೇವೆ ಅನ್ನುವುದು ಆಗ ಭಾರತದ ನಿಲುವು. ವಿದೇಶಾಂಗ ಸಚಿವರಾಗಿದ್ದವರು ನಮ್ಮ ಎಸ್.ಎಂ. ಕೃಷ್ಣ. ಆದರೆ ನಿಲುವಿನಿಂದ ಹಡಗು ಓಡುವುದಿಲ್ಲ ಅಲ್ವಾ? 2012ರ ಮಾರ್ಚ್‌ನಲ್ಲಿ ಬ್ಯಾಂಕುಗಳ ಸಂದೇಶ ಜಾಲ ಸ್ವಿಫ್ಟ್ ಇರಾನಿನ ಬ್ಯಾಂಕುಗಳನ್ನು ಹೊರಗಿಟ್ಟಿತು. ಜುಲೈನಿಂದ ಇರಾನ್ ತೈಲ ಹೊತ್ತ ಹಡಗುಗಳಿಗೆ ಯುರೋಪಿನ ವಿಮೆ ಸಿಗದಾಯಿತು. ನಾವು ಹಣದ ಒಂದು ಭಾಗವನ್ನು ಯೂಕೋ ಬ್ಯಾಂಕಿನಲ್ಲಿ ರೂಪಾಯಿಯಲ್ಲೇ ಕಟ್ಟಿ ಖರೀದಿ ಮುಂದುವರಿಸಿದೆವು, ಆದರೂ ಪ್ರಮಾಣ ಇಳಿಯಿತು. 2013ರಲ್ಲಿ ವಿಮೆಯ ತೊಂದರೆಯಿಂದ ಎಂಆರ್‌ಪಿಎಲ್ ಕೂಡ ಕೆಲವು ತಿಂಗಳು ಇರಾನ್ ತೈಲ ತರಿಸಲಿಲ್ಲ.

ಇರಾನ್ ಅಣು ಕೆಲಸಕ್ಕೆ ಮಿತಿ ಹಾಕಿಕೊಳ್ಳಬೇಕು, ಬದಲಿಗೆ ನಿರ್ಬಂಧ ತೆಗೆಯಬೇಕು ಅಂತ 2015ರಲ್ಲಿ ಒಪ್ಪಂದವಾಯಿತು, ತೈಲ ಮತ್ತೆ ಹೆಚ್ಚು ಬಂತು. 2018ರಲ್ಲಿ ಟ್ರಂಪ್ ಒಪ್ಪಂದದಿಂದ ಹೊರನಡೆದು ಅಮೆರಿಕದ ನಿರ್ಬಂಧ ಮತ್ತೆ ಹಾಕಿದರು. ಈ ಸಲ ಇರಾನ್ ಒಪ್ಪಂದ ಪಾಲಿಸುತ್ತಿದೆ ಅಂತ ಅಣುಶಕ್ತಿ ಸಂಸ್ಥೆಯೇ ಹೇಳುತ್ತಿತ್ತು, ಯುರೋಪ್ ಕೂಡ ವಿರೋಧಿಸಿತು. ಆದರೂ ಡಾಲರ್ ವ್ಯವಹಾರ ಕೈತಪ್ಪುವ ಭಯ ದೊಡ್ಡದು. ಇರಾನ್ ತೈಲ ಕೊಳ್ಳಲು ಅಮೆರಿಕ ಕೊಟ್ಟಿದ್ದ ವಿನಾಯಿತಿ 2019ರ ಮೇನಲ್ಲಿ ಮುಗಿದಾಗ ನಾವು ಖರೀದಿ ನಿಲ್ಲಿಸಿದೆವು. ಸುರತ್ಕಲ್‌ನಲ್ಲಿ ನೀವು ಕಂಡದ್ದು ಇದನ್ನೇ. ಚೀನಾ ಮಾತ್ರ ಕೊಳ್ಳುತ್ತಲೇ ಹೋಯಿತು. ಎಲ್ಲರೂ ಸೇರಿ ತೀರ್ಮಾನ ಮಾಡದಿದ್ದಾಗ ಬೇಲಿಯಲ್ಲಿ ಇಷ್ಟು ದೊಡ್ಡ ಕಂಡಿ ಉಳಿಯುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್, ಫ್ರಾನ್ಸ್, ಜರ್ಮನಿ ಹಳೆಯ ವಿಶ್ವಸಂಸ್ಥೆ ನಿರ್ಬಂಧಗಳನ್ನು ಮತ್ತೆ ಜಾರಿಗೆ ತಂದವು. ಅದಕ್ಕೆ ಕಾನೂನಿನ ಬಲವೇ ಇಲ್ಲ ಅಂತ ರಷ್ಯಾ, ಚೀನಾ ಹೇಳುತ್ತಿವೆ. 2006ರಲ್ಲಿ ಹೂಂ ಅಂದಿದ್ದು ಇದೇ ಎರಡು ದೇಶಗಳು.