ನಸುಕಿನ ಮೂರು ಗಂಟೆಗೆ ಒಬ್ಬರೇ ಅರ್ಥ ಹೇಳಿದರೆ

ಶಿರಸಿ ಕಡೆಯ ಹಳ್ಳಿಯೊಂದರಿಂದ ಬಂದ ಈ ಪತ್ರವನ್ನು ಎರಡು ದಿನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಉತ್ತರ ಹೊಳೆಯಲಿಲ್ಲ ಅಂತಲ್ಲ, ಸಿಟ್ಟು ಇಳಿಯಲಿ ಅಂತ. ಸಿಟ್ಟು ಬರೆದವರ ಮೇಲಲ್ಲ. ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ.

ಸಂಗತಿ ಇಷ್ಟು. ಬರೆದವರಿಗೆ 38 ವರ್ಷ. ಬೆಂಗಳೂರಿನ ನೌಕರಿ ಬಿಟ್ಟು ಬಂದು ಆರು ವರ್ಷದಿಂದ ಅಪ್ಪನ ಎರಡು ಎಕರೆ ಅಡಿಕೆ ತೋಟ ನೋಡಿಕೊಳ್ಳುತ್ತಿದ್ದಾರೆ. ಈ ಮಳೆಗಾಲ ಕೊಳೆರೋಗ ಬಂದು ಅರ್ಧ ಬೆಳೆ ಉದುರಿತು. ಎರಡನೇ ಸಲದ ಬೋರ್ಡೋ ಮದ್ದು, ಅಂದರೆ ಮೈಲುತುತ್ತ, ಸುಣ್ಣದ ದ್ರಾವಣ, ಹೊಡೆಸುವುದು ಹತ್ತು ದಿನ ತಡವಾಗಿತ್ತು. ಅಲ್ಲಿಂದ ಶುರು. "ನಾನು ಯಾವುದಕ್ಕೂ ಆಗದವ. ಊರವರೆಲ್ಲ ನನ್ನನ್ನು ನೋಡಿ ನಗುತ್ತಾರೆ. ಇನ್ನು ಈ ತೋಟ ಉಳಿಯುವುದಿಲ್ಲ." ನಸುಕಿನ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಊಟ ಸೇರುವುದಿಲ್ಲ. ಪಕ್ಕದ ಮನೆಯವರು ಚಹಾ, ಆಸರಿಗೆ ಕರೆದರೂ ಹೋಗುವುದಿಲ್ಲ. ಹೆಂಡತಿ ಹೆದರಿದ್ದಾರೆ. ಭಾವ "ಪಾಸಿಟಿವ್ ಆಗಿ ಯೋಚಿಸು" ಅನ್ನುತ್ತಾರೆ. ಕೊನೆಗೆ ಒಂದು ಪ್ರಶ್ನೆ: "ಕೆಟ್ಟದ್ದೇ ಯೋಚಿಸಿ ಯೋಚಿಸಿ ಈ ಖಿನ್ನತೆಯನ್ನು ನಾನೇ ತಂದುಕೊಂಡೆನಾ?"

ಮೂರನೇ ಪುಟದಲ್ಲಿ, ಸೊಸೈಟಿ ಸಾಲದ ಲೆಕ್ಕದ ಮಧ್ಯೆ, ಒಂದು ಸಾಲಿದೆ. "ಮೊದಲು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದೆ, ನಾಲ್ಕು ತಿಂಗಳಿಂದ ಹೋಗಿಲ್ಲ, ಅದಿರಲಿ."

ಅದಿರಲಿ ಅಂದರೆ ಹೇಗೆ ಮಾರಾಯ್ರೆ? ಇಡೀ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೊಂದೇ ಸಾಲು.

ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ; ಪಾತ್ರವಾಗಿ ಆಡುವ ಆ ಮಾತೇ ಅರ್ಥ. ಅಲ್ಲಿ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮ ಎಷ್ಟೇ ದೊಡ್ಡವನಿರಲಿ, ಬಿದ್ದ ವಾಲಿ ಸುಮ್ಮನಿರುವುದಿಲ್ಲ. "ನನ್ನ ತಪ್ಪೇನು, ಎದುರಿಗೆ ಯಾಕೆ ಬರಲಿಲ್ಲ?" ಅಂತ ಕೇಳಿಯೇ ಕೇಳುತ್ತಾನೆ. ರಾಮ ಉತ್ತರ ಕೊಡಲೇಬೇಕು. ಆ ಉತ್ತರಕ್ಕೂ ವಾಲಿಯ ಹತ್ತಿರ ಇನ್ನೊಂದು ಪ್ರಶ್ನೆ ಇರುತ್ತದೆ. ಈ ವಾರ ರಾಮನಾದವರು ಮುಂದಿನ ವಾರ ವಾಲಿಯಾಗಿ ಕೂತು, ತಮ್ಮದೇ ಹಳೆಯ ಮಾತನ್ನು ಮುರಿಯುತ್ತಾರೆ. ಎದುರಿನವರು ಒಪ್ಪದೆ ಒಂದು ಮಾತೂ ನಿಲ್ಲುವುದಿಲ್ಲ.

ಈಗ ನಿಮ್ಮ ನಸುಕಿನ ಮೂರು ಗಂಟೆ ನೋಡಿ. ಒಬ್ಬನೇ ಕೂತು ಅರ್ಥ ಹೇಳುತ್ತಿದ್ದಾನೆ. ಎದುರು ಯಾರೂ ಇಲ್ಲ. ಸಾಕು ಅಂತ ಮುಂದಿನ ಪದ ಎತ್ತಲಿಕ್ಕೆ ಹಾಡುವ ಭಾಗವತರೂ ಇಲ್ಲ. ಹೌದಾ, ಹಾಗಾ ಅಂತ ಕೇಳುವವರಿಲ್ಲದಿದ್ದರೆ ಎಂಥ ಪೊಳ್ಳು ವಾದವೂ ಗೆಲ್ಲುತ್ತದೆ.

1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು ಇದನ್ನೇ ಗಮನಿಸಿದರು. ಖಿನ್ನತೆಯ ರೋಗಿಗಳ ತಲೆಯಲ್ಲಿ ಸಣ್ಣ ಸಣ್ಣ ಮಾತುಗಳು ಸರಕ್ಕನೆ ಹಾದುಹೋಗುತ್ತವೆ. ಕರೆಯದೆ ಬರುತ್ತವೆ, ನಿಜ ಅಂತಲೇ ಅನ್ನಿಸುತ್ತವೆ. ಅವು ಸುತ್ತುವುದು ಮೂರೇ ವಿಷಯದ ಸುತ್ತ: ನಾನು, ನನ್ನ ಸುತ್ತಲಿನ ಜಗತ್ತು, ನನ್ನ ಮುಂದಿನ ದಿನಗಳು. ನಿಮ್ಮ ಮೂರು ವಾಕ್ಯ ಮತ್ತೊಮ್ಮೆ ಓದಿ. ಆಗದವ, ಊರವರ ನಗು, ಉಳಿಯದ ತೋಟ. ಅದೇ ಸಾಲು, ಅದೇ ಕ್ರಮ! ಇಂಥ ಮಾತನ್ನು ತೀರ್ಪು ಅಂತ ಒಪ್ಪಬೇಡಿ, ವಾದ ಅಂತ ತಿಳಿದು ಸಾಕ್ಷಿ ಕೇಳಿ ಅನ್ನುವುದು ಬೆಕ್ ಕಟ್ಟಿದ ಚಿಕಿತ್ಸೆಯ ಜೀವಾಳ.

ಸರಿ, ಇವತ್ತು ನಿಮ್ಮ ಎದುರು ನಾನು ಕೂರುತ್ತೇನೆ.

ಮದ್ದು ತಡವಾಯಿತು, ಆದ್ದರಿಂದ ನೀವು ಆಗದವರು. ಹೌದಾ? ಎಂಟು ದಿನ ಮಳೆ ಬಿಡಲಿಲ್ಲ, ಆಮೇಲೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಬರಲಿಲ್ಲ ಅಂತ ಬರೆದವರೂ ನೀವೇ. ಸುರಿಯುವ ಮಳೆಯಲ್ಲಿ ಮೈಲುತುತ್ತ, ಸುಣ್ಣ ಅಡಿಕೆ ಗೊನೆಗೆ ಹಿಡಿಯುತ್ತದಾ? "ನಮ್ಮ ಸೀಮೆಯಲ್ಲಿ ಎಲ್ಲರಿಗೂ ಕೊಳೆ ಬಂದಿದೆ" ಅಂತಲೂ ಬರೆದಿದ್ದೀರಿ. ಹಾಗಾದರೆ ಸೀಮೆಯವರೆಲ್ಲ ಆಗದವರಾ? ಹಿಂದಿನ ಐದು ವರ್ಷದ ಬೆಳೆಯನ್ನು ಯಾರು ಮನೆಗೆ ತಂದರು? ಊರವರು ನಗುತ್ತಾರಂತೆ. ಯಾರು? ಹೆಸರು ಹೇಳಿ. ನಾಲ್ಕು ತಿಂಗಳಿಂದ ಅಂಗಳ ದಾಟದವರಿಗೆ ಆ ನಗು ಕೇಳಿಸಿದ್ದು ಎಲ್ಲಿಂದ?

ನೋಡಿ, ಗಂಟು ಬಿದ್ದಿರುವುದೇ ಇಲ್ಲಿ. ನಗುತ್ತಾರೆ ಅನ್ನಿಸಿದ್ದಕ್ಕೆ ಮನೆಯಲ್ಲೇ ಉಳಿದಿರಿ. ಮನೆಯಲ್ಲೇ ಉಳಿದಿದ್ದಕ್ಕೆ, ಯಾರೂ ನಗುತ್ತಿಲ್ಲ ಅಂತ ಗೊತ್ತಾಗುವ ದಾರಿಯೂ ಮುಚ್ಚಿತು.

ನೀವೇ ತಂದುಕೊಂಡಿರಾ ಅಂದರೆ, ಇಲ್ಲ. ಖಿನ್ನತೆಗೆ ಒಂದೇ ಬೇರು ಇರುವುದಿಲ್ಲ. ನಷ್ಟ, ಸಾಲ, ಮನೆತನದಲ್ಲಿ ಮೊದಲೇ ಇದ್ದದ್ದು, ಕೆಲವರಿಗೆ ಥೈರಾಯ್ಡ್, ಎಲ್ಲ ಸೇರುತ್ತವೆ. ಯೋಚನೆಯ ರೀತಿಯೂ ಅದರಲ್ಲಿ ಒಂದು. ಮನಸ್ಸು ಕುಸಿದ ಮೇಲೆ ಅದು ಹಳೆಯ ಸೋಲುಗಳನ್ನೇ ಹುಡುಕಿ ತರುತ್ತದೆ, ಅವು ಮತ್ತಷ್ಟು ಕುಸಿಯುವಂತೆ ಮಾಡುತ್ತವೆ. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಭೂಕಂಪವಾಯಿತು. ಅದಕ್ಕೆ ಎರಡು ವಾರ ಮೊದಲಷ್ಟೇ ಸುಸಾನ್ ನೋಲೆನ್-ಹೋಕ್ಸೆಮಾ ಎಂಬ ಮನಶ್ಶಾಸ್ತ್ರಜ್ಞೆ ಅಲ್ಲಿನ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳನ್ನು, ಬೇಸರವಾದಾಗ ಏನು ಮಾಡುತ್ತೀರಿ ಅಂತ ಕೇಳಿ ಬರೆದಿಟ್ಟಿದ್ದರು. ನೋವನ್ನೇ ಮೆಲುಕು ಹಾಕುವ ರೂಢಿ ಇದ್ದವರಲ್ಲಿ, ಏಳು ವಾರ ಕಳೆದ ಮೇಲೂ ಖಿನ್ನತೆಯ ಲಕ್ಷಣ ಜಾಸ್ತಿ ಕಂಡಿತು. ನೆಲ ನಡುಗಿದ್ದು ಎಲ್ಲರಿಗೂ ಒಂದೇ. ನಿಮ್ಮ ಸೀಮೆಯ ಕೊಳೆಯ ಹಾಗೆ. ಮೆಲುಕು ಒಂದು ರೂಢಿ, ಅಪರಾಧವಲ್ಲ. ನನಗೂ ಒಂದು ಮಳೆಗಾಲ ಪೂರ್ತಿ ಇತ್ತು.

ಈಗ ಭಾವನ ವಿಷಯ. ಈ ಅಂಕಣ ಓದುತ್ತ ಬಂದವರಿಗೆ ಗೊತ್ತು, ಆ 'ಪಾಸಿಟಿವ್' ಅನ್ನುವ ಶಬ್ದ ಕೇಳಿದರೆ ನನಗೆ ಮೈ ಉರಿಯುತ್ತದೆ. ಅಡಿಕೆ ಉದುರಿ ಬಿದ್ದಿರುವಾಗ ಎಲ್ಲ ಚೆನ್ನಾಗಿದೆ ಅಂದುಕೊಳ್ಳುವುದು ಸುಳ್ಳು. ಸುಳ್ಳು ಅಂತ ನಿಮಗೂ ಗೊತ್ತು. ಹಾಗೆ ಅಂದುಕೊಳ್ಳಲಿಕ್ಕೆ ಆಗದಿದ್ದಾಗ, ಅದೂ ನನ್ನಿಂದ ಆಗಲಿಲ್ಲ ಅಂತ ಇನ್ನೊಂದು ಸೋಲು. ಅರ್ಧ ಬೆಳೆ ಹೋಯಿತು, ನಿಜ. ಸಾಲ ಇದೆ, ಅದೂ ನಿಜ. ನಾನು ಆಗದವ, ಇದಕ್ಕೆ ಸಾಕ್ಷಿ ಇಲ್ಲ. ಬೇಕಾದದ್ದು ಇಷ್ಟು ಸರಿಯಾದ ಲೆಕ್ಕ. ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಯಶಸ್ಸಿನ ವಿಡಿಯೊ ಕಳಿಸುವ ಭಾವ, ಕೊನೆಕೊಯ್ಲಿಗೆ ಒಂದು ದಿನವಾದರೂ ಬಂದರಾ? ಪತ್ರದಲ್ಲಿ ಇಲ್ಲ. ಬಂದಿಲ್ಲ ಅಂತಲೇ ನಾನು ತಿಳಿಯುತ್ತೇನೆ.

ತಾಳಮದ್ದಳೆಗೆ ಹೋಗಿ ಅಂತ ಹೇಳುತ್ತೇನೆ ಅಂದುಕೊಂಡಿರಿ ಅಲ್ವಾ? ಅದು ಎರಡನೆಯದು. ಮೊದಲು ಡಾಕ್ಟರ್, ಈ ವಾರವೇ. ಬೇಸರ, ನಿದ್ದೆಗೇಡು ಎರಡು ವಾರ ದಾಟಿದರೇ ತೋರಿಸಬೇಕು, ನಿಮಗೆ ನಾಲ್ಕು ತಿಂಗಳಾಗಿದೆ. ಘಟ್ಟ ಇಳಿದರೆ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಇತ್ತ ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸಂಸ್ಥೆ ಡಿಮ್ಹಾನ್ಸ್ ಇದೆ. ಮಾತಿನ ಚಿಕಿತ್ಸೆ ಬೇಕು ಅಂತ ನೀವೇ ಬಾಯಿ ಬಿಟ್ಟು ಕೇಳಿ. ಮಾತ್ರೆ ಕೊಟ್ಟರೆ ತೆಗೆದುಕೊಳ್ಳಿ. ಹಿಡಿಯಲಿಕ್ಕೆ ಕೆಲವು ವಾರ ಬೇಕು, ನಡುವೆ ನೀವಾಗಿ ನಿಲ್ಲಿಸಬೇಡಿ. ನಸುಕಿನಲ್ಲಿ ಎಂದಾದರೂ ಬದುಕೇ ಬೇಡ ಅನ್ನಿಸಿದರೆ ಅದರ ಜೊತೆ ಒಬ್ಬರೇ ವಾದಕ್ಕೆ ಕೂರಬೇಡಿ. ಹೆಂಡತಿಯನ್ನು ಎಬ್ಬಿಸಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಇಪ್ಪತ್ನಾಲ್ಕು ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರ ಎದುರು ಕೂತಾಗ ಸಾಲದ ಲೆಕ್ಕದಿಂದ ಶುರು ಮಾಡಬೇಡಿ. "ತಾಳಮದ್ದಳೆಗೆ ಹೋಗುವುದು ಬಿಟ್ಟಿದ್ದೇನೆ" ಅಂತ ಶುರು ಮಾಡಿ. ಜೊತೆಗೆ ಹೆಂಡತಿ ಇರಲಿ. ಭಾವನಿಗೆ ಸದ್ಯಕ್ಕೆ ಹೇಳುವುದು ಬೇಡ, ಅದಕ್ಕೂ ಒಂದು ವಿಡಿಯೊ ಕಳಿಸಿಯಾರು.