ಹ್ಯಾಲೋವೀನ್ ಆಫರ್‌ನಲ್ಲಿ ಬಂದಿರೋ ಹೊಸ ಕ್ರಿಪ್ಟೋ ಕಾಯಿನ್‌ಗೆ 50 ಸಾವಿರ ಹಾಕಬಹುದಾ?

ಹಾಕಬೇಡಿ. ಟೆಲಿಗ್ರಾಂ ಗುಂಪಿನಲ್ಲಿ ಬಂದ ಕ್ರಿಪ್ಟೋ ಕಾಯಿನ್ (ಇಂಟರ್ನೆಟ್ಟಿನಲ್ಲಷ್ಟೇ ಇರೋ ಡಿಜಿಟಲ್ ನಾಣ್ಯ), ಪಶ್ಚಿಮದವರ ದೆವ್ವದ ಹಬ್ಬ ಹ್ಯಾಲೋವೀನ್ ದಿನ, ಅಕ್ಟೋಬರ್ 31ರ ರಾತ್ರಿ 12ರೊಳಗೆ ಕೊಂಡರೆ ಡಬಲ್ ಅಂತೆ, ಗೆಳೆಯರೂ ಹಾಕಿದ್ದಾರೆ ಅಂತ ಬರೆದಿದ್ದೀರಿ. ನನಗೆ ಭಯ ಆಗಿದ್ದು ಆ 'ರಾತ್ರಿ 12ರೊಳಗೆ' ಅನ್ನೋ ಮಾತಿಗೆ, ಯೋಚಿಸೋಕೆ ಬಿಡದೆ ಆತುರ ಮಾಡಿಸೋ ಕರೆ ಅದು.

ನಾನು ಸಿಂಧನೂರಿನವನು. ಸಣ್ಣವನಿದ್ದಾಗ ನಮ್ಮ ಓಣಿಯ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ಓ ಅಂದು ಬಾಗಿಲು ತೆಗೆದರೆ ಮುಗೀತು, ಬರಹ ಓದಿದರೆ ವಾಪಸ್ ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಅಂತ ಅವ್ವ ಹೇಳುತ್ತಿದ್ದಳು. 2021ರಲ್ಲಿ ನನ್ನನ್ನೂ ಗುರುತಿನ ದನಿಯೇ ಕರೆಯಿತು, ಚಿಕ್ಕಪ್ಪನ ಮಗ. ಅವನು ಮೋಸಗಾರನಲ್ಲ, ಅವನಿಗೂ ಯಾರೋ ಹೇಳಿದ್ದು. ಒಂದು ಆ್ಯಪ್‌ಗೆ 40 ಸಾವಿರ ಹಾಕಿದೆ. ಹದಿನೈದೇ ದಿನಕ್ಕೆ 1 ಲಕ್ಷ ಅಂತ ತೋರಿಸಿತು. ತೆಗೆಯೋಕೆ ಹೋದರೆ ಮೊದಲು 12 ಸಾವಿರ ತೆರಿಗೆ ಕಟ್ಟಿ ಅಂದರು, ಕಟ್ಟಿದೆ. ಆಮೇಲೆ ಆ್ಯಪ್ ತೆರೆಯಲೇ ಇಲ್ಲ. ಭತ್ತ ಮಾರಿದ ರೊಕ್ಕ ಅದು. ಅಪ್ಪನಿಗೆ ಹೇಳೋಕೆ ಎರಡು ತಿಂಗಳು ಬೇಕಾಯಿತು.

ಅದೇ ವರ್ಷ ಹ್ಯಾಲೋವೀನ್ ಹೊತ್ತಿಗೆ ಸ್ಕ್ವಿಡ್ ಅಂತ ಒಂದು ಕಾಯಿನ್ ಬಂದಿತ್ತು, ಜನಪ್ರಿಯ ಕೊರಿಯನ್ ಸರಣಿಯ ಹೆಸರು ಇಟ್ಟುಕೊಂಡು. ನವೆಂಬರ್ 1ಕ್ಕೆ ಬೆಲೆ 2,800 ಡಾಲರ್ ದಾಟಿತು, ಕೆಲವೇ ನಿಮಿಷದಲ್ಲಿ ಸೊನ್ನೆ ಹತ್ತಿರ ಬಿತ್ತು. ಕೊಂಡವರಲ್ಲಿ ಹೆಚ್ಚಿನವರಿಗೆ ಮಾರೋಕೇ ಆಗುತ್ತಿರಲಿಲ್ಲ. ಹಾಗಾಗಿ ಯಾವ ಕಾಯಿನ್ ಆದರೂ ಎಷ್ಟು ಏರುತ್ತದೆ ಅಂತ ಕೇಳುವ ಮೊದಲು, ಮಾರೋಕೆ ಬರುತ್ತದಾ ಅಂತ ನೋಡಿ.

ಎಲ್ಲಕ್ಕಿಂತ ಹೆಸರಾದ ಕ್ರಿಪ್ಟೋ ಬಿಟ್‌ಕಾಯಿನ್‌ನ ಮೂಲ ಬರಹ ಹೊರಬಂದದ್ದೂ 2008ರ ಅಕ್ಟೋಬರ್ 31ಕ್ಕೇ. ಬರೆದ ಸತೋಶಿ ನಕಮೊಟೊ ಯಾರು ಅಂತ ಇವತ್ತಿಗೂ ಖಚಿತವಾಗಿಲ್ಲ, ಆದರೆ ಅದು ನಡೆಯೋ ರೀತಿ ಎಲ್ಲರೂ ಓದಬಹುದಾದಷ್ಟು ತೆರೆದಿದೆ, ಒಟ್ಟು 2.1 ಕೋಟಿಗಿಂತ ಜಾಸ್ತಿ ಹುಟ್ಟೋದಿಲ್ಲ ಅನ್ನೋದೂ ಸೇರಿ. ಅಂಥದ್ದೂ 2021ರ ನವೆಂಬರ್‌ನಲ್ಲಿ 69 ಸಾವಿರ ಡಾಲರ್ ಹತ್ತಿರ ಇದ್ದದ್ದು ಒಂದೇ ವರ್ಷದಲ್ಲಿ 16 ಸಾವಿರಕ್ಕೆ ಇಳಿದಿತ್ತು. ನಮ್ಮ ಕಡೆ ಕಾಲುವೆಗೆ ನೀರು ಬಿಡ್ತಾರೋ ಇಲ್ಲವೋ ಗೊತ್ತಾಗದೆ ಎರಡನೇ ಬೆಳೆಗೆ ಇದ್ದಬದ್ದ ರೊಕ್ಕ ಯಾರೂ ಸುರಿಯೋದಿಲ್ಲ ಅಲ್ವಾ? ಇಲ್ಲೂ ಅಷ್ಟೇ, ಪೂರ್ತಿ ಹೋದರೂ ಮನೆ ಖರ್ಚಿಗೆ ತೊಂದರೆ ಆಗದಷ್ಟೇ ಹಾಕಿ. ಸಾಲ ಮಾಡಿ ಬೇಡವೇ ಬೇಡ.

ತೆರಿಗೆ ಲೆಕ್ಕವನ್ನೂ ತಿಳಿದುಕೊಳ್ಳಿ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ 30% ತೆರಿಗೆ, ಆ ತೆರಿಗೆಯ ಮೇಲೆ ಸೆಸ್. ಒಂದರಲ್ಲಿ 20 ಸಾವಿರ ಲಾಭ, ಇನ್ನೊಂದರಲ್ಲಿ 20 ಸಾವಿರ ನಷ್ಟ ಆದರೆ ಕೈಗೆ ಏನೂ ಉಳಿದಿರೋದಿಲ್ಲ, ಆದರೂ ಆ ಲಾಭಕ್ಕೆ 6,240 (6,000 ತೆರಿಗೆ, 240 ಸೆಸ್) ಕಟ್ಟಬೇಕು. ಮಾರುವಾಗ 1% ಟಿಡಿಎಸ್ (ಮೊದಲೇ ಹಿಡಿದುಕೊಳ್ಳೋ ತೆರಿಗೆ) ಸಾಮಾನ್ಯವಾಗಿ ಕ್ರಿಪ್ಟೋ ಕೊಂಡು ಮಾರೋ ಎಕ್ಸ್‌ಚೇಂಜ್‌ನವರೇ ಹಿಡಿಯುತ್ತಾರೆ. ನಿಮ್ಮ ದುಡ್ಡು ನಿಮಗೆ ಕೊಡೋಕೆ ಮೊದಲು ತೆರಿಗೆ ಕಳಿಸಿ ಅಂದರೆ ಅದು ಮೋಸವೇ. ಇದು ಆಗ ನನಗೆ ಗೊತ್ತಿದ್ದರೆ ಆ 12 ಸಾವಿರವಾದರೂ ಉಳಿಯುತ್ತಿತ್ತು.

ಇವತ್ತೇ ಆ ಗುಂಪಿನಿಂದ ಹೊರಗೆ ಬನ್ನಿ. ನಿಮ್ಮ ಗೆಳೆಯರು ಈಗಾಗಲೇ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡೋಕೆ ಹೇಳಿ, ಹಣ ಹೋದ ಸ್ಕ್ರೀನ್‌ಶಾಟ್ ಒಂದನ್ನೂ ಅಳಿಸಬೇಡಿ ಅನ್ನಿ. ನಾನು ನಾಚಿಕೆಯಿಂದ ಎಲ್ಲ ಅಳಿಸಿಬಿಟ್ಟಿದ್ದೆ.